ಅಜ್ಜಿ ಕಾಶಿಯಲ್ಲಿ ಬಿಟ್ಟು ಬಂದ ಮುದ್ದೆ

ಕಾಶಿಗೆ ಹೋಗಿ ಬಂದವರನ್ನು ನಮ್ಮ ಸುಗಟೂರಿನಲ್ಲಿ ಜನ ಮೊದಲು ಕೇಳುತ್ತಿದ್ದದ್ದು ದರ್ಶನ ಚೆನ್ನಾಗಾಯಿತಾ ಎಂದಲ್ಲ, ಏನು ಬಿಟ್ಟು ಬಂದೆ ಎಂದು. ಗಂಗೆಯಲ್ಲಿ ಮುಳುಗಿ ಎದ್ದವರು ತಮಗೆ ಇಷ್ಟವಾದದ್ದನ್ನು ಅಲ್ಲೇ ಬಿಟ್ಟುಬಿಡಬೇಕು, ಸಾಯುವ ತನಕ ಮತ್ತೆ ಅದನ್ನು ಬಾಯಿಗೆ ಹಾಕಬಾರದು. ಒಂದು ಕಾಯಿ, ಒಂದು ಹಣ್ಣು ಬಿಟ್ಟರೆ ಸಾಕೆಂದು ರೂಢಿ. ಜನ ಇದರಲ್ಲೂ ಜಾಣರು. ನಮ್ಮ ಪಕ್ಕದ ಮನೆಯ ಪಾಪಮ್ಮ ಹಾಗಲಕಾಯಿಯನ್ನೂ ಸೇಬನ್ನೂ ಬಿಟ್ಟು ಬಂದಳು. ಹಾಗಲಕಾಯಿ ಅವಳಿಗೆ ಹುಟ್ಟಿದಾಗಿನಿಂದ ಸೇರುತ್ತಿರಲಿಲ್ಲ. ಸೇಬನ್ನು ಕೋಲಾರದ ಅಂಗಡಿಗಳಲ್ಲಿ ನೋಡಿದ್ದಳೇ ಹೊರತು ಅವಳು ತಿಂದದ್ದನ್ನು ಯಾರೂ ಕಂಡಿರಲಿಲ್ಲ. ಅವಳ ಜೊತೆಯಲ್ಲೇ ಹೋಗಿ ಅದೇ ಮೆಟ್ಟಿಲಿನಲ್ಲಿ ಮುಳುಗಿ ಬಂದ ನಮ್ಮಜ್ಜಿ, ಎಂದರೆ ನನ್ನ ಅಪ್ಪನ ತಾಯಿ, ಮುದ್ದೆಯನ್ನು ಬಿಟ್ಟು ಬಂದಳು.

ಮುದ್ದೆ ಬಿಡುವುದೆಂದರೆ ಏನೆಂದು ಅನ್ನ ಉಂಡು ಬೆಳೆದವರಿಗೆ ತಿಳಿಯಲಿಕ್ಕಿಲ್ಲ. ಆಗ ನಮ್ಮ ಮನೆಯಲ್ಲಿ ಅಕ್ಕಿ ಬೇಯುತ್ತಿದ್ದದ್ದು ಹಬ್ಬಕ್ಕೆ, ನೆಂಟರಿಗೆ, ಜ್ವರ ಬಂದವರಿಗೆ. ಉಳಿದಂತೆ ಎರಡು ಹೊತ್ತೂ ರಾಗಿ ಮುದ್ದೆ, ಜೊತೆಗೆ ಸೊಪ್ಪಿನ ಸಾರೋ ಕಾಳಿನ ಸಾರೋ. ನಡುಮನೆಯ ಮುಕ್ಕಾಲು ಪಾಲನ್ನು ರೇಷ್ಮೆ ಹುಳುವಿನ ತಟ್ಟೆಗಳು ಹಿಡಿದಿದ್ದವು, ಉಳಿದ ಮೂಲೆಯಲ್ಲಿ ನಾವು ಮಲಗುತ್ತಿದ್ದೆವು. ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕಿದ ಮೇಲೇ ಮನುಷ್ಯರಿಗೆ ಊಟ, ಅದು ಅಪ್ಪನ ಕಾನೂನು. ಅಡುಗೆಮನೆಯಲ್ಲಿ ಮಾತ್ರ ಅಪ್ಪನದು ಏನೂ ನಡೆಯುತ್ತಿರಲಿಲ್ಲ. ಸಾರು ಅಮ್ಮನದು, ಮುದ್ದೆ ಅಜ್ಜಿಯದು. ಪಾತ್ರೆಯನ್ನು ಕವೆಗೋಲಿಗೆ ಸಿಕ್ಕಿಸಿ, ಹಿಟ್ಟಿನ ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಬಿಸಿ ಹಿಟ್ಟನ್ನು ಒದ್ದೆ ಕೈಯಲ್ಲಿ ಗುಂಡಗೆ ಮಾಡಿ ತಟ್ಟೆಗೆ ಹಾಕುತ್ತಿದ್ದಳು. ಆ ಕೋಲನ್ನು ಅಮ್ಮ ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ಮುಟ್ಟಿರಲಿಲ್ಲ. ಮುಟ್ಟಲು ಬಿಟ್ಟಿರಲಿಲ್ಲ ಎಂದರೂ ಸರಿಯೇ.

ನನ್ನ ತಮ್ಮ ಸೀನ ಅಜ್ಜಿಯ ತಟ್ಟೆಯ ಪಕ್ಕದಲ್ಲೇ ಬೆಳೆದವನು. ಅವನಿಗೆ ಬೇರೆ ತಟ್ಟೆ ಇಟ್ಟರೆ ದಬ್ಬಿಬಿಡುತ್ತಿದ್ದ. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ಹಾಗೇ ನುಂಗಬೇಕು. ಅದು ಮಕ್ಕಳಿಗೆ ಬೇಗ ಬರುವುದಿಲ್ಲ. ಅಜ್ಜಿ ಅವನಿಗೆ ಕಲಿಸಿದ್ದು ಆಟ ಆಡಿಸುತ್ತಾ. ಮೊದಲು ತಾನೊಂದು ತುತ್ತು ನುಂಗಿ, ಬಾಯಿ ತೆರೆದು ಖಾಲಿಯಾಗಿದೆ ಎಂದು ತೋರಿಸುತ್ತಿದ್ದಳು. ಆಮೇಲೆ ಅವನಿಗೊಂದು ಸಣ್ಣ ತುತ್ತು ಮುರಿಯುತ್ತಿದ್ದಳು.

"ಅಗೀಬೇಡ ನಾಯನಾ, ನುಂಗು."

"ಅಜ್ಜಿ ಮೊದ್ಲು."

ಇದು ದಿನಾ ಎರಡು ಹೊತ್ತೂ ನಡೆಯುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದು ಈಗ ಹೇಳಿದರೆ ಯಾರೂ ಬೈಯುವುದಿಲ್ಲ, ಬೈಯುವವರೆಲ್ಲ ಹೋಗಿದ್ದಾರೆ.

ಸೀನನಿಗೆ ಮೂರ್ಛೆ ಬರುತ್ತಿತ್ತು. ಆಡುತ್ತಿದ್ದವನು ಇದ್ದಕ್ಕಿದ್ದಂತೆ ಒಂದು ಕಡೆ ನೋಡುತ್ತಾ ನಿಂತು, ಬಿದ್ದು, ಕೈಕಾಲು ಸೆಟೆದುಕೊಳ್ಳುತ್ತಿದ್ದ. ಮನೆಯಲ್ಲಿದ್ದವರು ಓಡಿ ಬಂದು ಕೈಗೆ ಬೀಗದ ಕೈ ಹಿಡಿಸುವುದು, ಮೂಗಿಗೆ ಈರುಳ್ಳಿ ಹಿಡಿಯುವುದು. ಅಪ್ಪ ಕೋಲಾರದ ಆಸ್ಪತ್ರೆಯಿಂದ ಮಾತ್ರೆ ತರುತ್ತಿದ್ದ. ಅಮ್ಮ ಕಂಡ ಕಂಡ ಗುಡಿಯಿಂದ ದಾರ ತಂದು ಕಟ್ಟುತ್ತಿದ್ದಳು. ಕೋಲಾರದ ಬೆಟ್ಟದ ಅಂತರಗಂಗೆಗೆ ಕರೆದುಕೊಂಡು ಹೋಗಿ, ಬಸವನ ಬಾಯಿಂದ ಬೀಳುವ ನೀರಿನ ಕೆಳಗೆ ಕೂರಿಸಿ ಬಂದಿದ್ದೂ ಆಗಿತ್ತು. ಯಾವುದೂ ನಾಟಲಿಲ್ಲ. ಕೊನೆಗೆ ಅಮ್ಮ ತನ್ನ ಸೆರಗಿನ ತುದಿಯನ್ನು ಅವನ ಉಡಿದಾರಕ್ಕೆ ಗಂಟು ಹಾಕಿಕೊಂಡು ಕೆಲಸ ಮಾಡತೊಡಗಿದಳು. ಅವಳು ಸೊಪ್ಪು ಹಾಕಲು ಹೋದರೆ ಅವನೂ ಹಿಂದೆ, ನೀರಿಗೆ ಹೋದರೆ ಅವನೂ ಹಿಂದೆ. ಸೆರಗು ಜಗ್ಗಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ತಿರುಗಿ ನೋಡುತ್ತಿದ್ದಳು. ಅವಳು ನಿರಾಳವಾಗಿ ಉಸಿರಾಡಿದ್ದನ್ನು ಆ ವರ್ಷಗಳಲ್ಲಿ ನಾನು ನೋಡಿಲ್ಲ.

ಅಂಥ ದಿನಗಳಲ್ಲಿ ಊರಿನಿಂದ ಒಂದಷ್ಟು ಜನ ಕಾಶಿಗೆ ಹೊರಟರು. ಅಜ್ಜಿ ತಾನೂ ಹೋಗುತ್ತೇನೆಂದು ಹಟ ಹಿಡಿದಳು. ಹೊಳೆಯನ್ನೇ ನೋಡದ ಊರಿನವಳು, ಚಿಂತಾಮಣಿ ದಾಟಿ ಹೋದವಳಲ್ಲ. ಹೋಗಿ, ಒಂದು ಪುಟ್ಟ ತಾಮ್ರದ ಗಿಂಡಿಯಲ್ಲಿ ಗಂಗೆ ತಂದಳು. ಬಂದ ದಿನ ಅಮ್ಮ ಬಸ್ಸಾರು ಮಾಡಿದ್ದಳು, ಅಜ್ಜಿ ಎಂದಿನಂತೆ ಮುದ್ದೆ ತಿರುವಿದಳು. ಎಲ್ಲರಿಗೂ ಬಡಿಸಿ, ತನ್ನ ತಟ್ಟೆಗೆ ಬರೀ ಸೊಪ್ಪಿನ ಪಲ್ಯ ಹಾಕಿಕೊಂಡು ಕೂತಳು.

"ಮುದ್ದೆ ಎಲ್ಲಮ್ಮ?" ಎಂದ ಅಪ್ಪ.

"ಬಿಟ್ ಬಂದೆ."

"ಏನು ಬಿಟ್ ಬಂದೆ?"

"ಮುದ್ದೇನೇ. ಇನ್ನೇನ್ ಇಷ್ಟ ಇತ್ತು ನಂಗೆ, ಬಿಡಕ್ಕೆ?"

ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದುಹೋದ. ಅಪ್ಪನಿಗೆ ಸಿಟ್ಟು ಬಂದರೆ ಊಟದ ಮೇಲೇ ತೋರಿಸುತ್ತಿದ್ದ. ಅಮ್ಮ ಮಾತ್ರ ಬಿಡಲಿಲ್ಲ. ಅವಳು ಓದಿದ್ದರೆ ವಕೀಲಳಾಗುತ್ತಿದ್ದಳು.

"ಅತ್ತೆ, ನೀವು ಬಿಟ್ಟಿದ್ದು ಮುದ್ದೆ ತಾನೆ? ರಾಗಿ ಅಲ್ವಲ್ಲ. ರೊಟ್ಟಿ ತಟ್ಕೊಡ್ತೀನಿ. ಅಂಬಲಿ ಮಾಡ್ತೀನಿ."

"ಹಿಟ್ಟನ್ನ ತಟ್ಟಿದ್ರೂ ಹಿಟ್ಟೇ, ಕರಗಿಸಿದ್ರೂ ಹಿಟ್ಟೇ ಕಣಮ್ಮ ರತ್ನ. ಗಂಗಮ್ಮಂಗೆ ಮೋಸ ಮಾಡಕ್ಕಾಗ್ತದಾ?"

ಯಾತಕ್ಕಾಗಿ ಬಿಟ್ಟೆ ಎಂದರೆ ಬಾಯಿ ಬಿಡಲಿಲ್ಲ. ಹೇಳಿದರೆ ಹರಕೆ ಫಲಿಸುವುದಿಲ್ಲವಂತೆ. ಕಾರಣವನ್ನು ನಮಗೆ ಹೇಳಿದ್ದು ಪಾಪಮ್ಮ. ಕಾಶಿಯಲ್ಲಿ ನಮ್ಮ ಕಡೆಯವರಿಗೆ ಪೂಜೆ ಮಾಡಿಸಿದವರು ತೆಲುಗಿನ ಪುರೋಹಿತರು, ನಮ್ಮ ಕಡೆ ತೆಲುಗು ಎಲ್ಲರಿಗೂ ಬರುತ್ತದೆ, ಅದರಿಂದ ಅಜ್ಜಿಗೆ ಮಾತಿನ ತೊಂದರೆಯಾಗಲಿಲ್ಲ. ಏನು ಬಿಡುತ್ತೀಯಮ್ಮಾ ಎಂದು ಅವರು ಕೇಳಿದ್ದಕ್ಕೆ ಅಜ್ಜಿ, ಮೊಮ್ಮಗನ ಮೂರ್ಛೆ ಹೋಗಲಿ, ರಾಗಿ ಸಂಗಟಿ ಬಿಡುತ್ತೇನೆ ಎಂದಳಂತೆ. ತೆಲುಗಿನಲ್ಲಿ ಮುದ್ದೆಗೆ ಸಂಗಟಿ ಎನ್ನುತ್ತಾರೆ. ಪುರೋಹಿತರು ನಕ್ಕು, ಅದೆಲ್ಲ ಬೇಡಮ್ಮಾ, ಒಂದು ಕಾಯಿ ಹೇಳು, ಒಂದು ಹಣ್ಣು ಹೇಳು ಎಂದರಂತೆ. ಅಜ್ಜಿ ಕೇಳಲಿಲ್ಲ. ತನಗೆ ಬೇಡದ್ದನ್ನು ಕೊಟ್ಟು ಮಗುವಿನ ಪ್ರಾಣ ಕೇಳಲು ಅವಳಿಗೆ ನಾಚಿಕೆಯಾಯಿತಂತೆ. ಈ ಮಾತು ಹೇಳುವಾಗ ಪಾಪಮ್ಮನಿಗೆ ತನ್ನ ಹಾಗಲಕಾಯಿ ನೆನಪಾಯಿತೋ ಏನೋ, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಅಜ್ಜಿ ಸೊರಗಿದಳು. ಅಪ್ಪ ಅವಳಿಗೆಂದು ಅಕ್ಕಿ ತರುತ್ತಿದ್ದ, ಅವಳು ಅದನ್ನು ನಮಗೇ ಬಡಿಸಿಬಿಡುತ್ತಿದ್ದಳು. ಅನ್ನ ಉಂಡರೆ ಉಂಡ ಹಾಗೇ ಇಲ್ಲ ಎನ್ನುತ್ತಿದ್ದಳು. ಗೆಣಸು, ಅವರೆಕಾಳು, ಒಂದಿಷ್ಟು ಮಜ್ಜಿಗೆ, ಇಷ್ಟರಲ್ಲೇ ದಿನ ತಳ್ಳಿದಳು. ಆದರೂ ಎರಡು ಹೊತ್ತು ತಾನೇ ಮುದ್ದೆ ತಿರುವುತ್ತಿದ್ದಳು. ಬಿಸಿ ಹಿಟ್ಟಿನ ಆವಿ ಮುಖಕ್ಕೆ ಬಡಿಯುವಾಗ ಆಸೆಯಾಗುತ್ತದೆಂದು ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಸೀನ ಮೊದಮೊದಲು ಅಜ್ಜಿ ಮೊದ್ಲು, ಅಜ್ಜಿ ಮೊದ್ಲು ಎಂದು ರಂಪ ಮಾಡಿ, ಆಮೇಲೆ ಅಮ್ಮನ ಕೈಯಿಂದ ಅರೆಬರೆ ಉಣ್ಣತೊಡಗಿದ. ಆಶ್ಚರ್ಯವೆಂದರೆ ಅವನ ಮೂರ್ಛೆ ನಿಂತುಹೋಯಿತು. ಮಾತ್ರೆಯಿಂದಲೋ ಏನೋ ನನಗೆ ಗೊತ್ತಿಲ್ಲ. ಆಗ ಮನೆಯಲ್ಲಿ ಯಾರೂ ಮಾತ್ರೆಗೆ ಆ ಮರ್ಯಾದೆ ಕೊಡಲಿಲ್ಲ. ಅಮ್ಮ ಅಜ್ಜಿಯನ್ನು ನೋಡುವ ನೋಟವೇ ಬದಲಾಯಿತು. ಸೆರಗಿನ ಗಂಟು ಬಿಚ್ಚಿದಳು. ಅಜ್ಜಿಯ ಕೈಬಳೆ ಮೊಣಕೈ ತನಕ ಜಾರುತ್ತಿತ್ತು, ಆದರೂ ಅವಳಷ್ಟು ಸುಖವಾಗಿ ಆ ಮನೆಯಲ್ಲಿ ಯಾರೂ ಇರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಸೀನನಿಗೆ ಜ್ವರ ಬಂತು. ಜ್ವರದ ಜೊತೆಗೆ ಮೂರ್ಛೆಯೂ ಬಂತು, ಹಿಂದೆಂದೂ ಬರದಷ್ಟು ಹೊತ್ತು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಅವನು ಬಾಯಿ ತೆರೆಯಲಿಲ್ಲ. ಹೊಟ್ಟೆಗೆ ಏನಾದರೂ ಹಾಕಿ ಮಾತ್ರೆ ಕೊಡಿ, ಹಸಿದಿದ್ದರೆ ಮಗು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಗಂಜಿ ಕೊಟ್ಟರೆ ಉಗಿದ. ಹಾಲು ಕೊಟ್ಟರೆ ಹಲ್ಲು ಕಚ್ಚಿದ. ಅಪ್ಪ ಗದರಿಸಿದ, ಅಮ್ಮ ಅತ್ತಳು, ನಾನು ಬೆಲ್ಲ ತೋರಿಸಿದೆ. ಅಜ್ಜಿ ಮುದ್ದೆ ತಿರುವಿ ತಂದು, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುತ್ತು ಮುರಿದಳು.

"ಒಂದೇ ಒಂದು ನಾಯನಾ."

"ಅಜ್ಜಿ ಮೊದ್ಲು."

ಅಜ್ಜಿ ತುತ್ತು ಹಿಡಿದುಕೊಂಡು ಹಾಗೇ ಕೂತಳು. ಅವನ ಪ್ರಾಣ ಉಳಿಯಲೆಂದು ಬಿಟ್ಟದ್ದು ಅದು. ಈಗ ಅದನ್ನು ತಿಂದರೆ ಮಾತ್ರ ಅವನು ಉಣ್ಣುತ್ತಾನೆ. ನನಗೆ ಆಗ ಅದರ ಭಾರ ತಿಳಿದಿರಲಿಲ್ಲ. ಅವಳು ಅಮ್ಮನ ಮುಖ ನೋಡಿದಳು, ಅಮ್ಮ ಬೇಕೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅಜ್ಜಿ ಕಣ್ಣು ಮುಚ್ಚಿ ನುಂಗಿದಳು. ಬಾಯಿ ತೆರೆದು ಅವನಿಗೆ ತೋರಿಸಿದಳು. ಸೀನ ಬಾಯಿ ತೆರೆದ. ಅವಳೊಂದು ತುತ್ತು, ಅವನೊಂದು ತುತ್ತು, ಹೀಗೆ ಆ ಮಧ್ಯಾಹ್ನ ಇಡೀ ಮುದ್ದೆ ಖಾಲಿಯಾಯಿತು. ಅಮ್ಮ ಗೋಡೆಗೆ ಒರಗಿ ಬಿಕ್ಕುತ್ತಿದ್ದಳು. ಅವನು ಚೇತರಿಸಿಕೊಳ್ಳುವ ತನಕ ಅಜ್ಜಿ ಹಾಗೇ ಉಂಡಳು, ಆಮೇಲೆ ಮತ್ತೆ ನಿಲ್ಲಿಸಿದಳು. ಸೀನ ಎದ್ದು ಓಡಾಡಿದ. ಅಮ್ಮ ಮತ್ತೆ ಸೆರಗಿಗೆ ಗಂಟು ಹಾಕಿದಳು.

ಮಳೆಗಾಲದಲ್ಲಿ ಹುಳು ಹಣ್ಣಾದ ದಿನ ಅದು. ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು, ತಡವಾದರೆ ತಿಂಗಳ ದುಡಿಮೆ ಮಣ್ಣುಪಾಲು. ಮನೆಯವರೆಲ್ಲ ಅದೇ ಕೆಲಸದಲ್ಲಿದ್ದೆವು. ಚಂದ್ರಿಕೆ ಎತ್ತಿಕೊಂಡು ಒಳಗೂ ಹೊರಗೂ ಓಡಾಡುವಾಗ ಹುಡುಗ ಕಾಲಿಗೆ ತೊಡರುತ್ತಿದ್ದನೆಂದು ಅಮ್ಮ ಗಂಟು ಬಿಚ್ಚಿ, ಜಗಲಿಯ ಮೇಲೆ ಕೂತಿರು ಎಂದಳು. ಅವನು ಎಮ್ಮೆಗಳ ಹಿಂದೆ, ಅವು ನೀರಿಗಿಳಿಯುವ ಕುಂಟೆಯ ಕಡೆ ಹೋದ. ಕುಂಟೆಯ ಅಂಚಿನಲ್ಲಿ ನೀರು ಮೊಣಕಾಲುದ್ದವೂ ಇರಲಿಲ್ಲ. ಬಟ್ಟೆ ಒಗೆಯಲು ಹೋದ ಪಾಪಮ್ಮ ಅವನನ್ನು ಮೊದಲು ಕಂಡಳು, ನೀರಿನಲ್ಲಿ ಬೋರಲು ಬಿದ್ದಿದ್ದ. ಅಪ್ಪ ಎತ್ತಿಕೊಂಡು ಬಂದಾಗ ಅವನ ಉಡಿದಾರದಲ್ಲಿ ಸೆರಗಿನ ಎಳೆಯೊಂದು ಸಿಕ್ಕಿಕೊಂಡಿತ್ತು. ಇಷ್ಟು ಬರೆಯುವಷ್ಟರಲ್ಲಿ ನಾನು ಎರಡು ಸಲ ಎದ್ದುಹೋಗಿ ಬಂದೆ.

ಅಳು ಎಲ್ಲ ಮನೆಯಲ್ಲೂ ಇರುತ್ತದೆ. ನಮ್ಮ ಮನೆಯಲ್ಲಿ ಅಳುವಿಗಿಂತ ಜಾಸ್ತಿ ನಡೆದದ್ದು ಜಗಳ. ಅತ್ತೆ ಸೊಸೆ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಇವರಿಬ್ಬರೂ ತಪ್ಪು ನನ್ನದು ನನ್ನದು ಎಂದು ಕಿತ್ತಾಡುತ್ತಿದ್ದರು.

"ಕೊಟ್ಟಿದ್ದನ್ನ ಕಿತ್ಕೊಂಡು ತಿಂದೆ ನಾನು. ಗಂಗಮ್ಮ ಸುಮ್ನಿರ್ತಾಳಾ? ಇಷ್ಟು ದೂರ ಹುಡುಕ್ಕೊಂಡು ಬಂದು, ಕುಂಟೆಯೊಳಗೆ ಕೂತ್ಕೊಂಡು ತಗೊಂಡ್ಲು."

"ಗಂಟು ಬಿಚ್ಚಿದ್ದು ನಾನು ಅತ್ತೆ. ಯಾವ ಗಂಗಮ್ಮಾನೂ ಅಲ್ಲ."

"ನಾನ್ ತಿನ್ನದೇ ಇದ್ದಿದ್ರೆ, ನೀನು ನೂರ್ ಸಲ ಬಿಚ್ಚಿದ್ರೂ ಅವನಿಗೇನೂ ಆಗ್ತಿರ್ಲಿಲ್ಲ."

"ನೀವ್ ತಿನ್ನದೇ ಇದ್ದಿದ್ರೆ ಬೇಸಿಗೇಲೇ ಹೋಗ್ತಿದ್ದ."

ಒಂದು ದಿನ ಅಪ್ಪ ಹುಳುವಿನ ತಟ್ಟೆಯನ್ನು ನೆಲಕ್ಕೆ ಕುಕ್ಕಿ, ನಾನೂ ಮನೇಲೇ ಇದ್ದೆ ಕಣ್ರೇ, ನಂಗೂ ಒಂದು ಪಾಲು ಇಡಿ ಎಂದ. ಆಮೇಲೆ ಇಬ್ಬರೂ ಬಾಯಿ ಮುಚ್ಚಿದರು. ಜಗಳವೇ ವಾಸಿಯಿತ್ತು. ಉಣ್ಣುವಾಗ ಯಾರೂ ಮಾತಾಡದ ಮನೆಯಲ್ಲಿ ನಾನು ದೊಡ್ಡವಳಾದೆ. ಅಜ್ಜಿ ದಿನಾ ಮುದ್ದೆ ತಿರುವಿ ನಮಗೆ ಬಡಿಸಿ, ಗೆಣಸು ಹಿಡಿದುಕೊಂಡು ಬಾಗಿಲ ಬಳಿ ಕೂರುತ್ತಿದ್ದಳು. ಯಾರಿಗಾಗಿ ಬಿಟ್ಟಿದ್ದಳೋ ಅವನೇ ಇಲ್ಲದ ಮೇಲೂ ಬಿಟ್ಟೇ ಇದ್ದಳು. ನನಗೆ ಅವಳ ಮೇಲೆ ಉರಿಯುವಷ್ಟು ಕೋಪ ಬರುತ್ತಿತ್ತು. ಮುಂದೆ ನಾನು ಅಂಗನವಾಡಿ ಸೇರಿ, ನಿವೃತ್ತಿಯಾಗುವ ತನಕ ಊರ ಮಕ್ಕಳಿಗೆ ಉಣಿಸಿದೆ. ಟೀಚರಮ್ಮ ಬಲು ಜೋರು, ತಟ್ಟೆಯಲ್ಲಿ ಅಗುಳು ಬಿಟ್ಟರೆ ಬಿಡಲ್ಲ ಎಂದು ಹೆಸರು ಪಡೆದೆ. ಮಗುವೊಂದು ಬಾಯಿ ಮುಚ್ಚಿಕೊಂಡು ಕೂತರೆ ಅದು ಬಾಯಿ ತೆರೆಯುವ ತನಕ ನಾನು ಪಕ್ಕದಿಂದ ಏಳುತ್ತಿರಲಿಲ್ಲ.

ಅಜ್ಜಿ ಹಾಸಿಗೆ ಹಿಡಿದಾಗ ಅಮ್ಮ, ಸಾಯುವವರ ಬಾಯಿಗೆ ಬಿಡುವ ಗಂಗೆಯಿದ್ದ ಆ ತಾಮ್ರದ ಗಿಂಡಿಯನ್ನು ಹೊರಗೆ ತೆಗೆಯಲೇ ಇಲ್ಲ. ಬಿಸಿ ಮುದ್ದೆಯನ್ನು ಸಾರಿನಲ್ಲಿ ಕಿವುಚಿ, ಬೆರಳ ತುದಿಯಲ್ಲಿ ಅಜ್ಜಿಯ ತುಟಿಗೆ ಹಿಡಿದಳು. ಅತ್ತೆ, ಒಂದು ಸಲ ನೆಕ್ಕಿ, ನಿಮ್ಮ ದಮ್ಮಯ್ಯ ಎಂದಳು. ಅಜ್ಜಿ ಹಲ್ಲು ಕಚ್ಚಿಕೊಂಡಳು, ಸೀನ ಕಚ್ಚಿಕೊಂಡ ಹಾಗೆಯೇ. ಅಮ್ಮ ಎದ್ದು ಹೋದ ಮೇಲೆ ನನ್ನನ್ನು ಹತ್ತಿರ ಕರೆದಳು.

"ಯಾವತ್ತಾದ್ರೂ ಕಾಶಿಗೆ ಹೋದ್ರೆ, ನಮ್ಮಜ್ಜಿಯಿಂದ ತಪ್ಪಾಯ್ತು ಅಂತ ಗಂಗಮ್ಮಂಗೆ ಹೇಳಿ ಬಾ ಕಣೇ."

ಈ ಮಾತನ್ನು ಅಮ್ಮನಿಗೆ ಎಷ್ಟೋ ವರ್ಷಗಳ ಮೇಲೆ ಹೇಳಿದೆ. ಆಗ ಅವಳಿಗೂ ವಯಸ್ಸಾಗಿತ್ತು, ಆದರೆ ವಕೀಲಿ ಬುದ್ಧಿ ಹಾಗೇ ಇತ್ತು.

"ತಪ್ಪಾಯ್ತು ಅಂತ ನೀನೇನಾದ್ರೂ ಅಂದೆ, ನನ್ನ ಮಗಳೇ ಅಲ್ಲ. ಮಗೂನೂ ತಗೊಂಡ್ಳು, ಮುದ್ದೇನೂ ಇಟ್ಕೊಂಡ್ಳಾ? ಮುದ್ದೆ ವಾಪಸ್ ಕೇಳು."

ಅಮ್ಮನೂ ಹೋದಳು. ಕಳೆದ ಕಾರ್ತಿಕದಲ್ಲಿ ನಾನು ಯಾತ್ರೆಯವರ ಜೊತೆ ಕಾಶಿಗೆ ಹೊರಟೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಜನ, ಜೊತೆಗೆ ರಾಗಿ ಹಿಟ್ಟಿನ ಮೂಟೆ ಸಮೇತ ಅಡುಗೆಯ ರವಣಪ್ಪ. ರೈಲಿನ ತುಂಬ ಯಾರು ಏನು ಬಿಡುತ್ತಾರೆಂಬ ಮಾತೇ. ಒಬ್ಬಾಕೆ ಪಿಜ್ಜಾ ಬಿಡುತ್ತೇನೆಂದಳು, ಎಲ್ಲರೂ ನಕ್ಕರು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಒಬ್ಬಳು ಕ್ಷಮೆ ಕೇಳು ಎಂದಿದ್ದಾಳೆ, ಇನ್ನೊಬ್ಬಳು ಜಗಳ ಆಡು ಎಂದಿದ್ದಾಳೆ. ಇಬ್ಬರೂ ನನ್ನನ್ನು ಸಾಕಿದವರು. ಒಬ್ಬರ ಮಾತು ನಡೆಸಿದರೆ ಇನ್ನೊಬ್ಬರಿಗೆ ದ್ರೋಹ. ಇಷ್ಟಾಗಿ ಯಾವ ಮಾತಿನಿಂದಲೂ ಸೀನ ಬರುವುದಿಲ್ಲ. ಹೋಗುತ್ತಿರುವುದಾದರೂ ಏಕೆ ಎಂದು ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಕಾಶಿ ತಲುಪಿದ ಮರುದಿನ ಬೆಳಿಗ್ಗೆ ರವಣಪ್ಪನಿಗೆ ಹೇಳಿ ಒಂದು ಮುದ್ದೆ ಮಾಡಿಸಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಗಂಗೆಯ ಕಡೆ ಇಳಿದೆ. ಮೆಟ್ಟಿಲ ತುಂಬ ಜನ, ದೋಣಿಯವರ ಕೂಗು, ಫೋನಿನಲ್ಲಿ ಫೋಟೋ ಹಿಡಿಯುವವರು. ನೀರು ಇಷ್ಟು ಅಗಲ ಇರುತ್ತದೆಂದು ನಾನು ಎಣಿಸಿರಲಿಲ್ಲ. ಈ ಪಾಟಿ ನೀರಿದ್ದವಳಿಗೆ ನಮ್ಮ ಕುಂಟೆಯ ಮೊಣಕಾಲುದ್ದ ನೀರು ಬೇಕಾಯಿತೇ ಎಂದುಕೊಂಡೆ. ಡಬ್ಬಿಯನ್ನು ಮೇಲಿನ ಮೆಟ್ಟಿಲಲ್ಲಿಟ್ಟು, ಎದೆ ಮಟ್ಟ ನೀರಿನಲ್ಲಿ ನಿಂತು ಅಜ್ಜಿಯ ಮಾತು ಹೇಳೋಣವೆಂದು ಬಾಯಿ ತೆರೆದೆ. ತಪ್ಪಾಯ್ತು ಎನ್ನಲು ನಾಲಿಗೆ ಹೊರಳಲಿಲ್ಲ. ಅವಳು ತಿಂದದ್ದು ಮೊಮ್ಮಗ ಉಣ್ಣಲಿ ಅಂತ, ಎಂದೆ. ಅಷ್ಟು ಹೇಳಿ ಮುಳುಗಿ ಎದ್ದೆ. ದಡದಲ್ಲಿ ಛತ್ರಿಯ ಕೆಳಗೆ ಕೂತಿದ್ದ ಪುರೋಹಿತರು ತೆಲುಗಿನವರೇ, ನನ್ನ ಮಗನಾಗುವಷ್ಟು ವಯಸ್ಸಿನವರು.

"ಏಂ ವದಿಲೇಸ್ತಾರಮ್ಮಾ?" ಎಂದರು. ಏನು ಬಿಡುತ್ತೀರಿ ಎಂದು.

"ವದಲಡಾನಿಕಿ ರಾಲೇದು ಸಾಮಿ. ಮಾ ಅವ್ವ ವದಿಲಿಂದಿ ವಾಪಸ್ ತೀಸ್ಕೋನಿ ಪೋದಾಮನಿ ವಚ್ಚಿನಾ."

ಬಿಡಲು ಬಂದಿಲ್ಲ, ನಮ್ಮಜ್ಜಿ ಬಿಟ್ಟದ್ದನ್ನು ವಾಪಸ್ ತೆಗೆದುಕೊಂಡು ಹೋಗಲು ಬಂದಿದ್ದೇನೆ ಎಂದೆ. ಅವರು ಕೈಯಲ್ಲಿದ್ದ ದರ್ಭೆಯನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಅದಕ್ಕೆ ಮಂತ್ರ ಇದೆಯಾ ಎಂದು ಕೇಳಿದೆ.

"ಅಟ್ಲಾಂಟಿದಿ ಲೇದಮ್ಮಾ," ಎಂದರು. ಅಂಥದ್ದು ಇಲ್ಲ. ನನ್ನ ಹಿಂದೆ ಜನ ಕಾಯುತ್ತಿದ್ದರು. ಅವರು ಆಚೆಯವರ ಕಡೆ ತಿರುಗಿದರು.

ಇಲ್ಲದಿದ್ದರೆ ಬೇಡ. ಮೇಲಿನ ಮೆಟ್ಟಿಲಿಗೆ ಹೋಗಿ ಒದ್ದೆ ಸೀರೆಯಲ್ಲೇ ಕೂತು ಡಬ್ಬಿ ತೆರೆದೆ. ಮುದ್ದೆ ಆರಿ ಗಟ್ಟಿಯಾಗಿತ್ತು, ಸಾರು ತರಲು ಮರೆತಿದ್ದೆ. ಗಂಗೆಗೆ ಎದುರಾಗಿಯೇ ಕೂತು ಮೊದಲ ತುತ್ತು ಮುರಿದೆ. ಇದು ಅಜ್ಜಿಯದು ಎಂದು ಬಾಯಿಗಿಟ್ಟುಕೊಂಡೆ. ನುಂಗಲಾಗಲಿಲ್ಲ. ಹುಟ್ಟಿದಾಗಿನಿಂದ ಮುದ್ದೆ ನುಂಗಿದವಳಿಗೆ ಒಂದು ತುತ್ತು ಇಳಿಯಲಿಲ್ಲ, ಕಣ್ಣಿನಲ್ಲಿ ಮೂಗಿನಲ್ಲಿ ನೀರು ಸುರಿಯಿತು. ಉಗಿಯಲೂ ಆಗದೆ ನುಂಗಲೂ ಆಗದೆ ದವಡೆ ಆಡಿಸತೊಡಗಿದೆ. ಸ್ನಾನಕ್ಕೆಂದು ಟವೆಲ್ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ ರವಣಪ್ಪ ನನ್ನನ್ನು ನೋಡಿ ನಿಂತ. ಅವನಿಗೆ ಏನೂ ಗೊತ್ತಿಲ್ಲ, ತಾನು ಮಾಡಿದ ಅಡುಗೆಯ ಚಿಂತೆ ಅವನಿಗೆ.

"ಏನಮ್ಮ ಇದು, ಕೋಲಾರದವರಾಗಿ ಮುದ್ದೇನ ಅಗೀತಿದೀರಾ? ಅಗೀಬೇಡಿ, ನುಂಗಿ."

ನುಂಗಿದೆ. ಬಾಯಿ ತೆರೆದು ಗಂಗೆಗೆ ತೋರಿಸಿದೆ. ಆಮೇಲೆ ಎರಡನೆಯ ತುತ್ತನ್ನು ಮುರಿದೆ, ಸಣ್ಣದಾಗಿ, ಸೀನನ ಬಾಯಿಗೆ ಹಿಡಿಸುವಷ್ಟು.